ಶಾಲೆಯ ದಿನ ಮಾತ್ರ ಹೊಟ್ಟೆನೋವು: ಹಟವೋ, ಕಾಯಿಲೆಯೋ?

ಅಕ್ಕೋರು, ಕುಮಟಾ:
3ನೇ ತರಗತಿ ಹುಡುಗಿ. ಎರಡು ತಿಂಗಳಿಂದ ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು, ವಾಕರಿಕೆ. ಭಾನುವಾರ ಏನೂ ಇಲ್ಲ. ತಾಯಿ ಜಗಲಿಯಲ್ಲಿ ಕೂತಿದ್ದರೆ ಪಾಠ ಕೇಳುತ್ತಾಳೆ, ಎದ್ದರೆ ಅಳು. ಮಳೆ ಜೋರಾದರೆ "ಆಯಿ ಬರೋ ದಾರೀಲಿ ಗುಡ್ಡ ಕುಸಿದ್ರೆ?" ಅಂತ ಹತ್ತು ಸಲ ಕೇಳುತ್ತಾಳೆ. ಮನೆಯವರು ದೃಷ್ಟಿ ತೆಗೆಸಿ, ನೂಲು ಕಟ್ಟಿಸಿದ್ದಾರೆ. ಇದು ಹಟವೇ? ಶಾಲೆಯಲ್ಲಿ ನಾವೇನು ಮಾಡಬಹುದು?

ಮಕ್ಕಳ ವೈದ್ಯರು, ಶಿರಸಿ:
ಹಟ ಅನ್ನಬೇಡಿ ಅಕ್ಕೋರೆ. ಹೆದರಿದಾಗ ಅಡ್ರಿನಲಿನ್ ಏರುತ್ತದೆ, ಹೊಟ್ಟೆಯ ಕಡೆಗೆ ರಕ್ತ ಕಡಿಮೆ ಹೋಗುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ. ನೋವು ನಿಜವಾಗಿಯೂ ಇರುತ್ತದೆ. ಆದರೂ ಮೊದಲು ಒಮ್ಮೆ ಪರೀಕ್ಷೆ ಆಗಲಿ: ಮಲಬದ್ಧತೆ, ಮೂತ್ರದ ಸೋಂಕು, ರಕ್ತಹೀನತೆ. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಜ್ವರ, ಮಲದಲ್ಲಿ ರಕ್ತ ಇದ್ದರೆ ಆತಂಕದ ತಲೆಗೆ ಕಟ್ಟುವಂತಿಲ್ಲ. ಎಲ್ಲ ಸರಿಯಿದ್ದರೆ ಮತ್ತೆ ಮತ್ತೆ ಸ್ಕ್ಯಾನಿಂಗ್ ಬೇಡ. ಪ್ರತಿ ಪರೀಕ್ಷೆಯೂ ಮಗುವಿಗೆ "ಒಳಗೇನೋ ಇದೆ" ಎಂದು ಹೇಳಿದಂತೆಯೇ. ಮನೆಯಲ್ಲಿ ದೊಡ್ಡವರಿಗೆ ಬರೆದ ನಿದ್ದೆ ಮಾತ್ರೆಯನ್ನು ಅರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ.

ಆಪ್ತಸಮಾಲೋಚಕಿ, ಕಾರವಾರ:
ನೀವು ಬರೆದದ್ದು ಅಗಲಿಕೆಯ ಆತಂಕಕ್ಕೆ ಹೊಂದುತ್ತದೆ. ಮಕ್ಕಳಲ್ಲಿ 4 ವಾರ ಮೀರಿ ಉಳಿದು, ಶಾಲೆಗೋ ನಿದ್ದೆಗೋ ಅಡ್ಡಿಯಾದರೆ ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ. ಖಚಿತ ಮಾಡಬೇಕಾದವರು ವೈದ್ಯರೇ. ಮನೆಯಲ್ಲಿ ಪಟಪಟ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದಿದ್ದರೆ ಅದು ಬೇರೆ ಬಗೆಯ ಆತಂಕ.

ಕಾಯಿಲೆ ಉಳಿದುಕೊಳ್ಳುವುದು ತಪ್ಪಿಸಿಕೊಳ್ಳುವುದರಿಂದ. ಮನೆಗೆ ವಾಪಸ್ ಕರೆದೊಯ್ದ ತಕ್ಷಣ ಹೊಟ್ಟೆ ಹಗುರ. ಆ ಹಗುರವೇ ಮರುದಿನದ ಹೆದರಿಕೆಗೆ ಗೊಬ್ಬರ.

ಆದ್ದರಿಂದ ಮೆಟ್ಟಿಲು ಕಟ್ಟಿ. ಹೆದರಿಕೆಗೆ ಎಷ್ಟು ಅಂಕ ಎಂದು ಮಗುವೇ 0ರಿಂದ 10ರೊಳಗೆ ಹೇಳಲಿ, 3-4 ಬರುವ ಕಡೆಯಿಂದ ಶುರು ಮಾಡಿ. ಇವಳಿಗೆ ಆಯಿ ಜಗಲಿಯ ಆಚೆ ತುದಿಗೆ, ಆಮೇಲೆ ಗೇಟಿನ ಹತ್ತಿರ, ಆಮೇಲೆ ಮೊದಲ ಪೀರಿಯಡ್ಡಿಗೆ ಮನೆಗೆ, ಆಮೇಲೆ ಊಟದ ಬೆಲ್ಲಿನವರೆಗೆ. ಅಂಕ ಅರ್ಧಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲು. ಎರಡು ಮೆಟ್ಟಿಲು ಒಟ್ಟಿಗೆ ಹಾರಿಸಬೇಡಿ.

ಕೆಡುವುದು ಹೆಚ್ಚಾಗಿ ಬೀಳ್ಕೊಡುವಾಗ. ಕಣ್ಣು ತಪ್ಪಿಸಿ ಹೋದರೆ ಮಗು ಮರುದಿನ ಸೆರಗು ಬಿಡುವುದೇ ಇಲ್ಲ. ಅಳು ಕೇಳಿ ತಾಯಿ ತಿರುಗಿ ಬಂದರೆ, ಜೋರಾಗಿ ಅತ್ತರೆ ಬರುತ್ತಾಳೆ ಎಂಬ ಪಾಠ ಆಗುತ್ತದೆ. ದಿನವೂ ಒಂದೇ ಮಾತು, ಒಂದು ನಿಮಿಷದೊಳಗೆ, ಹೇಳಿಯೇ ಹೋಗಬೇಕು. ಶಾಲೆಯ ಫೋನಿಂದ ಮಧ್ಯೆ ಮಾತಾಡಿಸುವುದೂ ಬೇಡ. ಅಳು ಬಂದಾಗ ನೀವು ಹೇಳಬಹುದಾದದ್ದು: "ಹೆದರಿಕೆ ಆಗ್ತಾ ಇದೆ, ಗೊತ್ತು. ಹೆದರಿಕೆ ಇದ್ದರೂ ಇರೋಕೆ ನಿನ್ನ ಕೈಲಿ ಆಗ್ತದೆ." ನೂಲು ಕೈಯಲ್ಲಿರಲಿ, ಅದಕ್ಕಾಗಿ ಮನೆಯವರೊಡನೆ ಜಗಳ ಬೇಡ.

ಗುಡ್ಡದ ಪ್ರಶ್ನೆಗೆ "ಏನೂ ಆಗೋದಿಲ್ಲ" ಅನ್ನಬೇಡಿ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ದಾರಿ ಬಂದ್ ಆದರೆ ಯಾರ ಮನೆಯಲ್ಲಿ ಇರುವುದು, ಯಾರು ಕರೆದೊಯ್ಯುವುದು ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ, ಚೀಟಿ ಬರೆದು ಚೀಲದಲ್ಲಿಡಿ. ಮತ್ತೆ ಕೇಳಿದರೆ "ಚೀಟಿ ನೋಡು" ಅಷ್ಟೇ. ಹತ್ತನೇ ಉತ್ತರ ಹನ್ನೊಂದನೇ ಪ್ರಶ್ನೆ ತರುತ್ತದೆ. ಆದರೆ ಮಗು ಅಂಥದ್ದನ್ನು ಕಣ್ಣಾರೆ ಕಂಡಿದ್ದರೆ, ತನ್ನವರನ್ನು ಕಳೆದುಕೊಂಡಿದ್ದರೆ, ಕೆಟ್ಟ ಕನಸು ಬೀಳುತ್ತಿದ್ದರೆ ಮೆಟ್ಟಿಲು ನಿಲ್ಲಿಸಿ, ಮೊದಲು ಮನೋವೈದ್ಯರಿಗೆ ತೋರಿಸಿ.

ಅಕ್ಕೋರು, ಕುಮಟಾ:
ಮಳೆ ರಜೆ ಸಾಲಾಗಿ ನಾಲ್ಕು ದಿನ ಬಂದರೆ?

ಆಪ್ತಸಮಾಲೋಚಕಿ, ಕಾರವಾರ:
ರಜೆ ಮುಗಿದ ಮೊದಲ ದಿನ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ, ಅದು ಸೋಲಲ್ಲ. ರಜೆಯಲ್ಲೂ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ಸ್ನಾನ, ತಿಂಡಿ ಆಗಲಿ. ಆಯಿ ಪಕ್ಕದ ಮನೆಗೆ ಅರ್ಧ ಗಂಟೆ ಹೋಗಿ ಬಂದರೂ ಅಭ್ಯಾಸವೇ.

ಮಕ್ಕಳ ವೈದ್ಯರು, ಶಿರಸಿ:
ಮೂರ್ನಾಲ್ಕು ವಾರದಲ್ಲಿ ಅಲುಗದಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416, ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಔಷಧ ಬೇಕಾಗುವ ಮಕ್ಕಳೂ ಇದ್ದಾರೆ. ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರ್ಟ್ರಲಿನ್ ಎಂಬ ಆತಂಕದ ಮಾತ್ರೆ ಒಂದರಿಂದ ಸುಮಾರು 55, ಇಂಥ ಮೆಟ್ಟಿಲಿನ ಚಿಕಿತ್ಸೆಯಿಂದ 60, ಎರಡೂ ಸೇರಿದಾಗ 81 ಶೇಕಡಾ ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ಮಾತ್ರೆ ಎಂದೊಡನೆ ಮನೆಯವರು ಬೆಚ್ಚಿದರೆ ಈ ಲೆಕ್ಕ ಹೇಳಿ.