ಮನೆಯವರಿಗೆ ಫೀಲ್ಡ್ ಪೋಸ್ಟಿಂಗ್, ನಾವು ತುಮಕೂರಿಗೆ: 45 ದಿನದ ರಜೆಯಲ್ಲಿ ಮನೆ ಕೊಳ್ಳಬಹುದಾ?

ಕೇಳಿದ್ದು:
ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್. ಮೂರು ವರ್ಷದಿಂದ ಜಬಲ್‌ಪುರದಲ್ಲಿ ಕ್ವಾರ್ಟರ್ಸ್‌ನಲ್ಲಿದ್ದೇವೆ. ಈಗ ಅವರಿಗೆ ಫೀಲ್ಡ್ ಪೋಸ್ಟಿಂಗ್ ಬಂದಿದೆ. ಅಲ್ಲಿಗೆ ಸಂಸಾರ ಕರೆದುಕೊಂಡು ಹೋಗುವಂತಿಲ್ಲ. ನಮ್ಮೂರು ಗುಬ್ಬಿ ಕಡೆ, ಆದರೆ ಮಕ್ಕಳ ಓದಿಗೆ ತುಮಕೂರಿನಲ್ಲಿ ಇರೋಣ ಅಂದುಕೊಂಡಿದ್ದೇವೆ. ಅವರಿಗೆ 45 ದಿನ ರಜೆ ಇದೆ. ಅಷ್ಟರಲ್ಲಿ ಒಂದು ಮನೆ ಕೊಂಡು, ನಮ್ಮನ್ನು ಅದರಲ್ಲಿ ಬಿಟ್ಟು ಹೋಗಬೇಕು ಅಂತ ಅವರ ಆಸೆ. ಕಟ್ಟಿದ ಮನೆ ಕೊಳ್ಳೋದಾ, ಸೈಟ್ ತಗೊಂಡು ಕಟ್ಟಿಸೋದಾ, ಸದ್ಯಕ್ಕೆ ಬಾಡಿಗೆಗೆ ಇರೋದಾ? ಈ ಪಾಡು ಪಟ್ಟವರು ದಯವಿಟ್ಟು ಹೇಳಿ.

ಯೋಧರ ಹೆಂಡತಿ, ಕುವೆಂಪುನಗರ, ತುಮಕೂರು:
ಅಕ್ಕಾ, 11 ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ತಿರುಗಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಮಾತು. ರಜೆ ಮುಗಿಯುವ ತಾರೀಖನ್ನು ಬ್ರೋಕರ್‌ಗೆ ಹೇಳಬೇಡಿ. ನಾವು ಮೊದಲ ದಿನವೇ ಹೇಳಿಬಿಟ್ಟಿದ್ದೆವು. ಆಮೇಲೆ ಎಲ್ಲವೂ ಆ ತಾರೀಖಿನ ಸುತ್ತಲೇ ನಡೆಯಿತು. "ಸಾರ್, ಇನ್ನೊಂದು ಪಾರ್ಟಿ ನಾಳೆ ಅಡ್ವಾನ್ಸ್ ಕೊಡ್ತಿದ್ದಾರೆ" ಅಂದರು. ನಮ್ಮ ಯಜಮಾನರು ಅವತ್ತೇ 2 ಲಕ್ಷ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡರು. ಇಸಿ, ಅಂದರೆ ಜಾಗದ ಮೇಲಿನ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ, ನೋಡಿದ್ದು 13 ವರ್ಷದ್ದು ಮಾತ್ರ. ಮದರ್ ಡೀಡ್ (ಜಾಗದ ಮೂಲ ಪತ್ರ) ತೋರಿಸಿ ಅಂದಾಗ ನಾಳೆ, ನಾಡಿದ್ದು ಅನ್ನುತ್ತಾ ಹೋದರು.

ಕೊನೆಗೆ ನಮ್ಮ ಅಣ್ಣನಿಗೆ ಗೊತ್ತಿದ್ದ ವಕೀಲರೊಬ್ಬರು ಹಳೇ ಪಹಣಿ ತೆಗೆಸಿ ನೋಡಿದರು. ಆ ಲೇಔಟ್ ಆಗಿದ್ದ ಜಮೀನು ಹಿಂದೆ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರದಿಂದ ಮಂಜೂರಾಗಿದ್ದು. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇದೆ. ಮಾರಿದರೆ ಜಮೀನು ಮೂಲ ಕುಟುಂಬಕ್ಕೇ ವಾಪಸ್ ಹೋಗಬಹುದು, ಹಾಗೆ ಆಗೋದು ನ್ಯಾಯವೇ. ಆದರೆ ನಮ್ಮ ಹತ್ತಿರ ಇದ್ದಿದ್ದೇ ಆ ದುಡ್ಡು. ಅದು ಕೈಗೆ ವಾಪಸ್ ಬರೋಕೆ 14 ತಿಂಗಳು ಆಯಿತು. ಅಷ್ಟೂ ದಿನ ಅವರು ಗಡಿಯಲ್ಲಿ, ನಾನು ಒಂದು ಮಗು ಸೊಂಟದ ಮೇಲೆ ಇಟ್ಟುಕೊಂಡು ಆ ಬ್ರೋಕರ್ ಮನೆ ಬಾಗಿಲಲ್ಲಿ.

ಆಮೇಲೆ ಒಂದು ವರ್ಷ ಬಾಡಿಗೆಗೆ ಇದ್ದೆ. ಆ ವರ್ಷವೇ ನನಗೆ ಊರು ತೋರಿಸಿತು. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಊರಿಗೆ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬಿಡ್ತಾರೆ ಅನ್ನೋದು ಆ ಬೀದಿಯ ಹೆಂಗಸರಿಗಷ್ಟೇ ಗೊತ್ತು. ನನಗೆ ಇಷ್ಟವಾಗಿದ್ದ ಒಂದು ಮನೆಯ ಮುಂದೆ ಬೆಳಗ್ಗೆ ಐದೂವರೆಗೆ ಹೋಗಿ ನಿಂತೆ. ಎದುರು ಮನೆ ಅಜ್ಜಿ ಬಾಗಿಲಿಗೆ ನೀರು ಹಾಕುತ್ತಿದ್ದರು. ಚೊಂಬಿನಲ್ಲಿ ಲೆಕ್ಕ ಹಾಕಿದ ಹಾಗೆ ಎರಡೇ ಸಲ ಚಿಮುಕಿಸಿ ರಂಗೋಲಿ ಬಿಟ್ಟರು. ಮನೆ ಹೇಗಿದೆ ಅಂತ ಕೇಳಿದ್ದಕ್ಕೆ, "ಏಪ್ರಿಲ್‌ನಾಗೆ ಬಂದು ನೋಡವ್ವ" ಅಂದರು. ಸಂಪಿನ ಮುಚ್ಚಳ ತೆಗೆಸಿದೆ. ತಳದಲ್ಲಿ ಒಂದು ಗೇಣು ನೀರು, ಗೋಡೆ ಮೇಲೆ ಟ್ಯಾಂಕರ್ ನೀರಿನ ಬಿಳಿ ಗೆರೆ. ಆ ಮನೆ ಬಿಟ್ಟೆ.

ಕೊನೆಗೆ ಕೊಂಡ ಮನೆಯನ್ನು ನಾನೇ ಆರಿಸಿದ್ದು. ಅವರು ಫೋನಿನಲ್ಲಿ ಫೋಟೋ ನೋಡಿದರು ಅಷ್ಟೇ. ಅಡುಗೆಮನೆ ಚಿಕ್ಕದು, ಮುಂದೆ ಜಾಗ ಇಲ್ಲ. ಆದರೆ ಶಾಲೆಗೆ ಮಕ್ಕಳು ನಡೆದು ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದರೆ ಆಟೋ ಸಿಗುತ್ತೆ. ಪಕ್ಕದ ಮನೆಯವರ ಹತ್ತಿರ ನಮ್ಮ ಒಂದು ಕೀಲಿ ಇದೆ. ನಾನು ಹೇಳೋದು ಇಷ್ಟೇ. ಆ ಮನೆಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಇರೋರು ನೀವು. ನಿಮಗೆ ಸರಿ ಹೋಗುವ ಮನೆ ನೋಡಿ, ಅವರ ರಜೆಗೆ ಸರಿ ಹೋಗುವ ಮನೆ ಅಲ್ಲ.

ನಿವೃತ್ತ ಸುಬೇದಾರ್, ಕೋಲಾರ:
ತಂಗಿ ಬರೆದದ್ದು ಅಕ್ಷರಕ್ಷರ ನಿಜ. ನಾನು ಕಾಗದದ ವಿಷಯ ಹೇಳುತ್ತೇನೆ.

ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ಸಹಿ ಹಾಕೋಕೆ ಕೊಡುವ ಅಧಿಕಾರ ಪತ್ರ. ನಾನು ಅಸ್ಸಾಂನಲ್ಲಿದ್ದಾಗ ನೋಟರಿ ಹತ್ತಿರ ಮಾಡಿಸಿ ಹೆಂಡತಿಗೆ ಅಂಚೆಯಲ್ಲಿ ಕಳಿಸಿದೆ. ಇಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಲಿಲ್ಲ. ನೋಂದಣಿಗೆ ಬಳಸುವ ಪವರ್ ಅನ್ನು, ಬರೆದುಕೊಡುವವನು ವಾಸ ಇರುವ ಜಾಗದ ಸಬ್ ರಿಜಿಸ್ಟ್ರಾರ್ ಮುಂದೆ ದೃಢೀಕರಿಸಬೇಕು. ನೋಂದಣಿ ಕಾಯ್ದೆಯ 33ನೇ ಕಲಂನಲ್ಲಿ ಇದೆ. ಫೀಲ್ಡ್‌ಗೆ ಹೋದ ಮೇಲೆ ಇದಕ್ಕೆ ಅಂತ ಕೆಳಗಿಳಿದು ಬರೋದು ಎಷ್ಟು ಕಷ್ಟ ಅಂತ ಹೋದವರಿಗೇ ಗೊತ್ತು. ಆದ್ದರಿಂದ ಈ 45 ದಿನದಲ್ಲಿ ಮನೆ ಸಿಗದಿದ್ದರೂ ಪರವಾಗಿಲ್ಲ, ಪವರ್ ಆಫ್ ಅಟಾರ್ನಿ ಮಾತ್ರ ನೋಂದಣಿ ಮಾಡಿಸಿಯೇ ಹೋಗಲಿ. ಮನೆ ಕೊಳ್ಳೋದು, ಲೋನ್ ಪತ್ರಕ್ಕೆ ಸಹಿ, ಖಾತೆ ಬದಲಾವಣೆ, ಕರೆಂಟು, ನೀರು, ಎಲ್ಲ ಬಿಡಿಸಿ ಬರೆಸಿ. ಬ್ಯಾಂಕಿಗೆ ಅದರ ಕರಡನ್ನು ಮೊದಲೇ ತೋರಿಸಿ, ಅವರ ಒಕ್ಕಣೆ ಬೇರೆ ಇರುತ್ತೆ. ಸುಲಭದ ದಾರಿ ಬೇಕಂದ್ರೆ ನಿಮ್ಮ ಹೆಸರಿನಲ್ಲೇ ಕೊಳ್ಳಿ.

ದುಡ್ಡಿನ ಅರ್ಜಿಗಳು. ಎಎಫ್‌ಪಿಪಿ ಫಂಡ್‌ನಿಂದ (ಸೈನಿಕರ ಭವಿಷ್ಯ ನಿಧಿ) ಮನೆಗೆ ಅಂತ ಹಣ ತೆಗೆಯಬಹುದು. ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನಿಂದ ಮನೆ ಸಾಲ ಇದೆ. ಏನೇ ಹಾಕುವುದಾದರೂ ಮೂವ್‌ಮೆಂಟ್ ಆರ್ಡರ್‌ಗೆ (ಹೊಸ ಜಾಗಕ್ಕೆ ಹೊರಡುವ ಆದೇಶ) ಮುಂಚೆ, ಹಳೇ ಯುನಿಟ್‌ನಲ್ಲೇ ಕ್ಲರ್ಕ್ ಹತ್ತಿರ ಕೂತು ಮುಗಿಸಿ. ನನ್ನ ಒಂದು ಅರ್ಜಿ ಹಳೇ ಯುನಿಟ್ ಮತ್ತು ಹೊಸ ಯುನಿಟ್ ನಡುವೆ ಐದು ತಿಂಗಳು ಓಡಾಡಿತು.

ಖರ್ಚು ಮನೆ ಬೆಲೆಗೇ ನಿಲ್ಲೋದಿಲ್ಲ. ಊರೊಳಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ. 40 ಲಕ್ಷದ ಮನೆಗೆ ಸುಮಾರು 3 ಲಕ್ಷ ಬರೀ ಇದಕ್ಕೇ ಹೋಗುತ್ತೆ. ಲೋನ್ ಸಿಗುತ್ತಲ್ಲ ಅಂತ ಇದನ್ನು ಮರೆತು ಕೂತವರನ್ನು ನೋಡಿದ್ದೇನೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಫೀಲ್ಡ್‌ಗೆ ಹೋದವರ ಸಂಸಾರಕ್ಕೆ ಸೆಪರೇಟೆಡ್ ಫ್ಯಾಮಿಲಿ ಕ್ವಾರ್ಟರ್ಸ್ ಅಂತ ಇದೆ. ಬೆಂಗಳೂರಿಗೆ ಅರ್ಜಿ ಹಾಕಿ ನೋಡಿ. ಪಾಳಿ ಕಾಯಬೇಕು. ಆದರೆ ಸಿಕ್ಕರೆ ಸೈನಿಕರ ಕಮಾಂಡ್ ಆಸ್ಪತ್ರೆ, ಕ್ಯಾಂಟೀನು ಎಲ್ಲ ಹತ್ತಿರ. ತುಮಕೂರಿನಿಂದಾದರೆ ಆಸ್ಪತ್ರೆಗೆ ಅಂತ 70 ಕಿಲೋಮೀಟರ್ ಹೋಗಬೇಕು. ಮನೆಯನ್ನು ನಿಧಾನಕ್ಕೆ ಕೊಳ್ಳಬಹುದು.

ವಾಯುಪಡೆಯವರು, ಚಿಕ್ಕಬಳ್ಳಾಪುರ:
ಸೈಟ್ ಮಾತ್ರ ಬೇಡ. ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ ಅನ್ನೋ ಮಾತಿಗೆ 30-40 ಸೈಟ್ ತಗೊಂಡೆ. ಎರಡು ಪೋಸ್ಟಿಂಗ್ ಮುಗಿಸಿ ಬಂದು ನೋಡಿದರೆ ಮೂಲೆಕಲ್ಲು ನಾಲ್ಕರಲ್ಲಿ ಎರಡು ಇಲ್ಲ. ಉಳಿದ ಜಾಗದಲ್ಲಿ ಆಳೆತ್ತರ ಜಾಲಿ. ಪಕ್ಕದವರ ಕಾಂಪೌಂಡು ಎರಡೂವರೆ ಅಡಿ ನಮ್ಮ ಕಡೆ ಬಂದಿತ್ತು. ಸರ್ವೆ ಮಾಡಿಸಿ, ಕೈಮುಗಿದು ಸರಿ ಮಾಡಿಕೊಳ್ಳೋಕೆ ಎರಡು ರಜೆ ಹೋಯಿತು. ಮಕ್ಕಳ ಜೊತೆ ಕಳೆಯಬೇಕಿದ್ದ ರಜೆ ಅದು.

ಪಂಚಾಯ್ತಿ ಜಾಗವಾದರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿ ದಾಖಲೆ) ನಮೂನೆ 9 ಮತ್ತು 11 ಇರಬೇಕು. 11ಬಿ, ಅಂದರೆ ಕ್ರಮಬದ್ಧವಲ್ಲದ ಜಾಗದ್ದು, ಆದರೆ ಬ್ಯಾಂಕಿನವರು ಹಿಂದೇಟು ಹಾಕುತ್ತಾರೆ. ಊರೊಳಗಾದರೆ ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗಲ್ಲ. ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿಗೆಯ ಲೇಔಟಾ ಅಂತ ಕಚೇರಿಗೇ ಹೋಗಿ ಕೇಳಿ, ಬ್ರೋಷರ್ ನಂಬಬೇಡಿ. ಮೆಟ್ರೋ ಬರುತ್ತೆ ಅನ್ನೋ ಮಾತಿಗೂ ಜಾಸ್ತಿ ದುಡ್ಡು ಕೊಡಬೇಡಿ. 2024ರಲ್ಲಿ ಅದು ಬಂದಿದ್ದು ಬೆಂಗಳೂರಿನ ಅಂಚಿನ ಮಾದಾವರದವರೆಗೆ.

ಸೈನಿಕರ ಮಗಳು, ತಿಪಟೂರು:
ನಾನು ಏಳು ಶಾಲೆ ಬದಲಾಯಿಸಿದ್ದೇನೆ. ಅಪ್ಪ ಕೊನೆಗೂ ಮನೆ ಮಾಡಿದಾಗ ನಾನು ಪಿಯುಸಿ. ಬಾಡಿಗೆಗೆ ಇದ್ದು ನೋಡಿ ಅಂತ ಎಲ್ಲರೂ ಹೇಳುತ್ತಿದ್ದೀರಿ, ಸರಿ. ಆದರೆ ಆ ಬಾಡಿಗೆ ಮನೆ ಯಾವ ಶಾಲೆ ಹತ್ತಿರವೋ, ಮುಂದೆ ಕೊಳ್ಳುವ ಮನೆಯೂ ಅದೇ ಶಾಲೆ ಹತ್ತಿರ ಇರಲಿ. ಗೋಡೆ ಬದಲಾದರೆ ಮಕ್ಕಳಿಗೆ ಏನೂ ಅನ್ನಿಸಲ್ಲ. ಗೆಳತಿ ಬದಲಾದರೆ ಅನ್ನಿಸುತ್ತೆ. ತುಮಕೂರಿನಲ್ಲಿ ಕೇಂದ್ರೀಯ ವಿದ್ಯಾಲಯ ಇದೆ. ಸೀಟಿಗೆ ಕಳೆದ 7 ವರ್ಷದ ವರ್ಗಾವಣೆ ಲೆಕ್ಕಕ್ಕೆ ಬರುತ್ತೆ. ಆ ವರ್ಗಾವಣೆಗಳ ಸರ್ಟಿಫಿಕೇಟನ್ನು ಮಕ್ಕಳ ಅಪ್ಪ ಹೊರಡುವ ಮೊದಲೇ ಯುನಿಟ್‌ನಿಂದ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಕೇಳಿದವರು:
ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಮ್ಮಿ. ಅವರಿಗೆ ಪೂರ್ತಿ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಅಲ್ಲಿ ಹೋದ ಮೇಲೆ ನೀವು ಎಲ್ಲಿದ್ದೀರಿ ಅನ್ನೋ ಚಿಂತೆ ಇರಬಾರದು, ಅದಕ್ಕೇ ಆತುರ ಮಾಡಿದೆ" ಅಂದರು. ಈಗ ಬಾಡಿಗೆಗೆ ಒಪ್ಪಿದ್ದಾರೆ. ಪವರ್ ಆಫ್ ಅಟಾರ್ನಿ ಈ ರಜೆಯಲ್ಲೇ ಮಾಡಿಸುತ್ತೇವೆ. ಒಂದೇ ಒಂದು ಉಳಿದಿದೆ. ಮುಂದೆ ಲೋನ್ ತೆಗೆದರೆ, ಅವರಿಗೆ ಏನಾದರೂ ಆದರೆ, ಆ ಸಾಲ? ಅವರ ಮುಂದೆ ಕೇಳೋಕೆ ಬಾಯಿ ಬರ್ತಿಲ್ಲ.

ಯೋಧರ ಹೆಂಡತಿ, ಕುವೆಂಪುನಗರ:
ಕೇಳಿ ಅಕ್ಕಾ. ಅವರಿಗೂ ಅದೇ ಮಾತು ಗಂಟಲಲ್ಲಿ ಇರುತ್ತೆ, ಅಲ್ವಾ? ನಾವಿಬ್ಬರೂ ಅದನ್ನು ಆಡಿದ್ದು ಅವರು ಹೊರಡುವ ಹಿಂದಿನ ರಾತ್ರಿ. ಕಪ್ಪು ಟ್ರಂಕಿನ ಮೇಲೆ ಅವರ ನಂಬರ್‌ಗೆ ಬಿಳಿ ಪೇಂಟ್ ಹಚ್ಚುತ್ತಾ ಕೂತಿದ್ದರು. ನನ್ನ ಮುಖ ನೋಡದೆ, ಬ್ರಷ್ ನೋಡುತ್ತಲೇ ಎಲ್ಲ ಹೇಳಿದರು. ನಾನು ಮಗನ ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಯಾವ ವಿಮೆ ಎಷ್ಟು, ನಾಮಿನಿ ಯಾರು, ಯಾರಿಗೆ ಫೋನ್ ಮಾಡಬೇಕು ಅಂತ.

ಲೋನ್ ತೆಗೆಯುವಾಗ ಸಾಲಕ್ಕೆ ಸೇರಿದ ವಿಮೆ ಮಾಡಿಸಿ. ಆದರೆ ಪಾಲಿಸಿಯನ್ನು ಓದಿ, ಯುದ್ಧ ಮತ್ತು ಗಡಿ ಕಾರ್ಯಾಚರಣೆಯಲ್ಲಿ ಆದದ್ದಕ್ಕೆ ಕೊಡುತ್ತಾರಾ ಇಲ್ಲವಾ ಅಂತ ಬರಹದಲ್ಲಿ ಕೇಳಿ. ಬ್ಯಾಂಕಿನ ಹುಡುಗ ಬಾಯಲ್ಲಿ "ಎಲ್ಲ ಕವರ್ ಆಗುತ್ತೆ ಮೇಡಂ" ಅಂದರೆ ಸಾಲದು. ನಮ್ಮದರಲ್ಲಿ ಆ ಸಾಲು ಹದಿನಾರನೇ ಪುಟದಲ್ಲಿತ್ತು, ಸಣ್ಣ ಅಕ್ಷರದಲ್ಲಿ. ಅದನ್ನು ಬಿಟ್ಟು ಬೇರೆ ಪಾಲಿಸಿ ಮಾಡಿಸಿದೆವು. ಸಂಬಳದ ಖಾತೆ ಡಿಫೆನ್ಸ್ ಪ್ಯಾಕೇಜಿನದಾದರೆ ಅದರಲ್ಲೂ ವಿಮೆ ಇರುತ್ತೆ, ಷರತ್ತು ಕೇಳಿಕೊಳ್ಳಿ. ಕಂತು ಅವರ ಸಂಬಳದ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ. ಪೆನ್ಶನ್‌ಗೆ ಬಂದ ಮೇಲೂ ಅದೇ ಕಂತು ಕಟ್ಟಬೇಕಲ್ಲ.

ತುಮಕೂರಿಗೆ ಬಂದ ತಕ್ಷಣ ತಿಳಿಸಿ. ಮಕ್ಕಳನ್ನು ನಮ್ಮ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಬೀದಿ ಬೀದಿ ನೋಡೋಣ. ಬೆಳಗ್ಗೆ ಐದೂವರೆಗೆ, ನೀರು ಬಿಡೋ ಹೊತ್ತಿಗೆ.