ತಾತನ ಟ್ರಂಕಿನಲ್ಲಿ ಸಿಕ್ಕ ಕೋಟಿನ ಚಿತ್ರ: ಯಾವ ಕಾಲದ್ದಿರಬಹುದು?

ಪ್ರಶ್ನೆ (ದಾವಣಗೆರೆಯಿಂದ)
ಮಂಡಿಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ನಮ್ಮ ತಾತನವರ ಟ್ರಂಕಿನಲ್ಲಿ, ಅಳತೆ ಪುಸ್ತಕಗಳ ನಡುವೆ, ಕೋಟು ತೊಟ್ಟ ವಿದೇಶಿ ಮಹಿಳೆಯ ಚಿತ್ರವೊಂದು ದೊರೆತಿದೆ. ಮುಖದಲ್ಲಿ ಹುಬ್ಬು ಮತ್ತು ತುಟಿ ಬಿಟ್ಟರೆ ಏನೂ ಇಲ್ಲ. ಕೋಟಿನ ಹೊಲಿಗೆಗಳನ್ನು ಮಾತ್ರ ಒಂದೊಂದಾಗಿ ಬರೆದಿದ್ದಾರೆ. ಸೊಂಟ ತೀರ ಸಣ್ಣದು, ಅಲ್ಲಿಂದ ಕೆಳಕ್ಕೆ ಕೋಟು ಕೊಡೆಯಂತೆ ಅರಳಿದೆ. ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಸೂಜಿಗೆ ಬೂದು ಬಟ್ಟೆಯ ಚೂರೊಂದು ಸಿಕ್ಕಿಕೊಂಡಿದೆ. ಸಹಿಯಿಲ್ಲ, ತಾರೀಖಿಲ್ಲ. ಇದು ಯಾವ ಕಾಲದ್ದು, ಕೈಯಲ್ಲಿ ಬರೆದದ್ದೋ ಅಚ್ಚಾದದ್ದೋ, ಲ್ಯಾಮಿನೇಶನ್ ಮಾಡಿಸಬಹುದೋ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1
ಕಾಲವನ್ನು ಹೇಳುವುದು ಆ ಘೇರು, ಅಂದರೆ ಸೊಂಟದ ಕೆಳಗೆ ಅರಳಿದ ಸುತ್ತಳತೆ. ಯುದ್ಧದ ದೆಸೆಯಿಂದ ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಉಡುಪಿಗೂ ಪಡಿತರವಿದ್ದುದರಿಂದ ಆಗಿನ ಕೋಟುಗಳು ಚೌಕ ಭುಜದವು, ಬಟ್ಟೆ ಉಳಿಸಿ ಹೊಲಿದವು. ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಕ್ರಿಸ್ಟಿಯನ್ ಡಿಯೋರ್ 1947ರ ಫೆಬ್ರವರಿಯಲ್ಲಿ ಬಿಗಿ ಸೊಂಟ ಮತ್ತು ಧಾರಾಳ ಘೇರಿನ ಉಡುಪುಗಳನ್ನು ತೋರಿಸಿದ ಮೇಲೆ ‘ನ್ಯೂ ಲುಕ್’ ಎಂದು ಹೆಸರಾದ ಈ ಆಕಾರ ಎಲ್ಲೆಡೆ ಹರಡಿತು. ನಿಮ್ಮ ಚಿತ್ರ ಬಹುಮಟ್ಟಿಗೆ ಆ ನಂತರದ ಏಳೆಂಟು ವರ್ಷಗಳದ್ದು.

ಉತ್ತರ 2 (ಚಿತ್ರದುರ್ಗದಿಂದ, ನಿವೃತ್ತ ಟೈಲರ್)
ಅದು ಹೆಂಗಸಿನ ಚಿತ್ರವಲ್ಲ ಸ್ವಾಮಿ, ಕೋಟಿನ ಚಿತ್ರ. ಮುಖ ಖಾಲಿ ಇರುವುದು ಅದಕ್ಕೇ. ಅದರ ಮೇಲೆ ಟೇಪು ಹಿಡಿಯಬೇಡಿ: ನಮ್ಮ ಎತ್ತರ ತಲೆಯ ಏಳೂವರೆಯಷ್ಟಾದರೆ ಇಂಥ ಚಿತ್ರಗಳಲ್ಲಿ ಒಂಬತ್ತರಷ್ಟು ಎಳೆದಿರುತ್ತಾರೆ. ಬಲಗಡೆಯ ಪಾಲು ಎಡಗಡೆಯದರ ಮೇಲೆ ಬಂದಿದೆಯೇ ನೋಡಿ, ಹೆಂಗಸರ ಕೋಟಿನ ರೀತಿ ಅದು. ಚೂರಿನಿಂದ ಒಂದೇ ಒಂದು ಎಳೆ ತೆಗೆದು ಸುಟ್ಟು ನೋಡಿ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ನಮ್ಮ ಚಳ್ಳಕೆರೆ ಕಂಬಳಿಯ ಎಳೆಗೂ ಅದೇ ವಾಸನೆ.

ಉತ್ತರ 3
ದಯವಿಟ್ಟು ಲ್ಯಾಮಿನೇಶನ್ ಬೇಡ. ಶಾಖಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸಲಾಗದು. ಗುಂಡುಸೂಜಿಯನ್ನು ನಿಧಾನವಾಗಿ ತೆಗೆದು, ಚೂರನ್ನು ಬೇರೆ ಲಕೋಟೆಯಲ್ಲಿಟ್ಟು, ಚಿತ್ರವನ್ನು ಆಮ್ಲರಹಿತ ಕಾಗದದ ನಡುವೆ ಬಿಸಿಲು ತಾಗದ ಕಡೆ ಇಡಿ. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕೆ ಕಂಡರೆ ಅಚ್ಚು. ಕುಂಚ ಎಳೆದ ಗೆರೆಯ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಕೈಯಲ್ಲಿ ಬರೆದದ್ದು.

ಪ್ರಶ್ನೆ ಕೇಳಿದವರು
ನೋಡಿದೆ, ಚುಕ್ಕೆಗಳಿಲ್ಲ. ಕಾಲರಿನ ಅಂಚಿನಲ್ಲಿ ಬಣ್ಣ ಉಬ್ಬಿದೆ, ಅದರಡಿಯಲ್ಲಿ ಒರೆಸಿ ತಿದ್ದಿದ ಪೆನ್ಸಿಲ್ ಗೆರೆಯೂ ಕಾಣುತ್ತದೆ. ಬಲಪಾಲೇ ಮೇಲಿದೆ. ಎಳೆ ಸುಡಲು ಮಾತ್ರ ಮನಸ್ಸು ಬರಲಿಲ್ಲ.