ಪ್ರಶ್ನೋತ್ತರ: ಮಲೆನಾಡಿನ ಜಗಲಿಗೆ ಮಡಚುವ ಆನಿಂಗ್ ಹೊಂದುತ್ತದೆಯೇ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಸದಸ್ಯರು):
ನಮ್ಮದು ಆಗುಂಬೆಯ ಕಡೆಗಿರುವ ಹಳೆಯ ಹೆಂಚಿನ ಮನೆ. ಗೋಡೆ ಜಂಬಿಟ್ಟಿಗೆಯದು, ಜಗಲಿ ಪಶ್ಚಿಮಕ್ಕೆ ಮುಖಮಾಡಿದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಎರಚಲು ಜಗಲಿಯ ಒಳಗೋಡೆಯನ್ನೂ ನೆನೆಸುತ್ತದೆ. ತಂದೆಯವರು ಮೇ ತಿಂಗಳ ಕೊನೆಯಲ್ಲಿ ಅಡಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಈಗ ಆ ಕೆಲಸಕ್ಕೆ ಜನ ಸಿಗುತ್ತಿಲ್ಲ. ಆದ್ದರಿಂದ 4 ಮೀಟರ್ ಅಗಲದ, 3 ಮೀಟರ್ ಮುಂದಕ್ಕೆ ಚಾಚುವ ಮೋಟಾರ್ ಆನಿಂಗ್, ಅಂದರೆ ಗೋಡೆಗೆ ಕೂರಿಸಿ ಬೇಕಾದಾಗ ಮಡಚುವ ತೋಳುಗಳ ಮೇಲೆ ಬಿಚ್ಚುವ ಬಟ್ಟೆಯ ಚಪ್ಪರ, ಹಾಕಿಸಬೇಕೆಂದಿದ್ದೇವೆ. ಬಟ್ಟೆ ಪೂರ್ತಿ ವಾಟರ್‌ಪ್ರೂಫ್ ಎಂದು ಮಾರುವವರು ಹೇಳುತ್ತಾರೆ. ಸೂರಿನ ಅಂಚು ಅಂಗಳದಿಂದ 2.4 ಮೀಟರ್ ಎತ್ತರದಲ್ಲಿದೆ. ಯಾವುದನ್ನು ಆರಿಸಿದರೆ ಒಳ್ಳೆಯದು?

ಉತ್ತರ (ಶಿವಮೊಗ್ಗದಲ್ಲಿ ಆನಿಂಗ್ ಮತ್ತು ನೆರಳು ಛಾವಣಿ ಅಳವಡಿಸುವ ಎಂಜಿನಿಯರ್):
ಬಟ್ಟೆ ನೀರು ಸೋರದಿರುವುದು ಒಂದು ಮಾತು, ಬಟ್ಟೆಯನ್ನು ಹಿಡಿದ ತೋಳುಗಳು ನೀರಿನ ಭಾರ ಹೊರುವುದು ಇನ್ನೊಂದು ಮಾತು. ಮಾರುವವರು ಹೇಳುತ್ತಿರುವುದು ಮೊದಲನೆಯದನ್ನು ಮಾತ್ರ. ನೀವು ಕೇಳಬೇಕಾದದ್ದು ಎರಡನೆಯದನ್ನು.

ಆನಿಂಗ್‌ಗಳಿಗೆ ಇಎನ್ 13561 ಎಂಬ ಯುರೋಪಿನ ಮಾನದಂಡವಿದೆ. ಮಳೆಯ ವಿಷಯದಲ್ಲಿ ಅದು ಎರಡೇ ದರ್ಜೆಗಳನ್ನು ಹೇಳುತ್ತದೆ: 14 ಡಿಗ್ರಿ ಇಳಿಜಾರಿನಲ್ಲಿ ಚದರ ಮೀಟರಿಗೆ ಗಂಟೆಗೆ 17 ಲೀಟರ್ ನೀರನ್ನು ಬಟ್ಟೆಯಲ್ಲಿ ಮಡುಗಟ್ಟದಂತೆ ತಾಳುವುದು ಮೊದಲ ದರ್ಜೆ, 56 ಲೀಟರ್ ತಾಳುವುದು ಎರಡನೆಯದು. ಚದರ ಮೀಟರಿಗೆ ಒಂದು ಲೀಟರ್ ಎಂದರೆ ಒಂದು ಮಿಲಿಮೀಟರ್ ಮಳೆ. ಹಾಗಾಗಿ ಮೇಲಿನ ದರ್ಜೆಯ ಆನಿಂಗ್‌ನ ಭರವಸೆಯೂ ಗಂಟೆಗೆ 56 ಮಿ.ಮೀ. ಮಳೆಯವರೆಗೆ ಮಾತ್ರ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೆರಗಿನಲ್ಲಿರುವ ನಿಮಗೆ, ಆ ಲೆಕ್ಕವನ್ನು ಮೀರುವ ಗಂಟೆಗಳು ಬರುವುದಿಲ್ಲ ಎಂದು ನಂಬಿ ಹಣ ಹಾಕಿ ಎನ್ನಲು ನನಗೆ ಮನಸ್ಸಿಲ್ಲ.

ಇನ್ನು ಇಳಿಜಾರು. 14 ಡಿಗ್ರಿಯೆಂದರೆ ಪ್ರತಿ ಮೀಟರಿಗೆ ಸುಮಾರು 25 ಸೆಂಟಿಮೀಟರ್ ಇಳಿತ, 3 ಮೀಟರ್ ಚಾಚಿಗೆ 75 ಸೆಂಟಿಮೀಟರ್. ನಿಮ್ಮ ಸೂರಿನ ಕೆಳಗೆ 2.3 ಮೀಟರ್ ಎತ್ತರದಲ್ಲಿ ಆನಿಂಗ್ ಕೂರಿಸಿದರೆ ಅದರ ಮುಂದಿನ ಅಂಚು ಅಂಗಳದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬಂದು ನಿಲ್ಲುತ್ತದೆ. ತಲೆ ಬಗ್ಗಿಸದೆ ಯಾರೂ ಹಾಯಲಾರರು. ಆಗ ಎಲ್ಲರೂ ಮಾಡುವುದು ಇಳಿಜಾರನ್ನು ಕಡಿಮೆ ಮಾಡುವುದು, ಅಪಾಯ ಶುರುವಾಗುವುದೂ ಅಲ್ಲಿಯೇ. ಈ ವೃತ್ತಿಯ ಮೊದಲ ವರ್ಷಗಳಲ್ಲಿ ಹೊಸನಗರದ ಕಡೆಯ ಒಂದು ಮನೆಗೆ ನಾನೇ 8 ಡಿಗ್ರಿಗೆ ಆನಿಂಗ್ ಕೂರಿಸಿಕೊಟ್ಟಿದ್ದೆ. ಜುಲೈ ತಿಂಗಳ ಒಂದು ರಾತ್ರಿ ಅದು ಬಿಚ್ಚಿಯೇ ಉಳಿಯಿತು. ಬಟ್ಟೆಯ ನಡುವೆ ನೀರು ಮಡುಗಟ್ಟಿ, ಬಟ್ಟೆ ಜೋತಷ್ಟೂ ಇನ್ನಷ್ಟು ನೀರು ನಿಂತು, ಬೆಳಗಾಗುವಷ್ಟರಲ್ಲಿ ಒಂದು ತೋಳು ಬಾಗಿ ಜಂಬಿಟ್ಟಿಗೆಯಿಂದ ಬೋಲ್ಟುಗಳು ಕಿತ್ತು ಬಂದಿದ್ದವು. ಕೆಳಗೆ ಯಾರೂ ಮಲಗಿರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಎದೆ ಹಗುರಾಗುತ್ತದೆ.

ಅದರ ಲೆಕ್ಕವನ್ನು ಆಮೇಲೆ ಕುಳಿತು ಹಾಕಿದೆ. ಎರಡು ಚದರ ಮೀಟರ್ ಜಾಗದಲ್ಲಿ ಸರಾಸರಿ 5 ಸೆಂಟಿಮೀಟರ್ ನೀರು ನಿಂತರೆ 100 ಕಿಲೋ. ಆ ಭಾರ ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿದ್ದು, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 15 ಸೆಂಟಿಮೀಟರ್ ಅಂತರವಿದ್ದರೆ, ಮೇಲಿನ ಸಾಲಿನ ಬೋಲ್ಟುಗಳನ್ನೆಲ್ಲ ಸೇರಿಸಿ ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಒಂದು ಟನ್ನಿನಷ್ಟಾಗುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಜಂಬಿಟ್ಟಿಗೆ ಗೋಡೆ ಇದನ್ನು ತಾಳುವುದಿಲ್ಲ.

ಇಷ್ಟೆಲ್ಲ ಆದಮೇಲೂ ನಿಮ್ಮ ಮೂಲ ತೊಂದರೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಎರಚಲು ಮೇಲಿನಿಂದ ಬೀಳುವುದಿಲ್ಲ, ಪಡುವಣ ಗಾಳಿಯೊಂದಿಗೆ ಅಡ್ಡಡ್ಡ ಬರುತ್ತದೆ. ನಿಮ್ಮ ತಂದೆಯವರು ಕಟ್ಟಿಸುತ್ತಿದ್ದ ಸೋಗೆಯ ತಟ್ಟಿ ನೆಟ್ಟಗೆ ನಿಂತಿರುತ್ತಿದ್ದುದು ಇದಕ್ಕಾಗಿಯೇ. ಆದ್ದರಿಂದ ನಿಮಗೆ ಬೇಕಾದದ್ದು ಆನಿಂಗ್ ಅಲ್ಲ, ಜಗಲಿಯ ಕಂಬಗಳ ನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಜಿಪ್ ಪರದೆ. ಬಟ್ಟೆಯ ಎರಡೂ ಅಂಚುಗಳಿಗೆ ಜಿಪ್ ಹೊಲಿದು ಅಥವಾ ಬೆಸೆದು ಅದು ಅಲ್ಯೂಮಿನಿಯಂ ಕೊರಕಲಿನೊಳಗೆ ಓಡುವಂತೆ ಮಾಡಿರುತ್ತಾರೆ; ಹೀಗಾಗಿ ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುವುದಿಲ್ಲ. ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆಯನ್ನೇ ಕೇಳಿ. ಸಣ್ಣ ರಂಧ್ರಗಳ ಜಾಲರಿ ಬಟ್ಟೆ ನೋಡಲು ಚೆಂದ, ಗಾಳಿಯೂ ಆಡುತ್ತದೆ, ಆದರೆ ಸಣ್ಣ ತುಂತುರು ಅದರೊಳಗಿಂದ ನುಸುಳುತ್ತದೆ.

ಮರುಪ್ರಶ್ನೆ (ಶಿವಮೊಗ್ಗ ನಗರದ ಸದಸ್ಯರು):
ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಆನಿಂಗ್ ಹಾಕಿಸುವುದೇ ತಪ್ಪೇ? ನಮ್ಮದು ಆರ್‌ಸಿಸಿ ಮನೆ. ಮೊದಲ ಮಹಡಿಯ ತೆರೆದ ಬಾಲ್ಕನಿಗೆ ಮಾರ್ಚ್‌ನಿಂದ ಮೇ ತನಕ ಬಿಸಿಲು ತಡೆಯಲಾಗುವುದಿಲ್ಲ. ಮಳೆ ಹನಿದರೂ ಕುಳಿತುಕೊಳ್ಳುವಂತಿರಬೇಕು.

ಉತ್ತರ:
ತಪ್ಪಲ್ಲ, ನಿಮಗೆ ಅದು ಸರಿಯಾಗಿ ಒಪ್ಪುತ್ತದೆ. ಆಗುಂಬೆಗೆ ಬೀಳುವ ಮಳೆಯ ಐದನೇ ಒಂದು ಭಾಗವೂ ಶಿವಮೊಗ್ಗ ನಗರಕ್ಕೆ ಬೀಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಎಲ್ಲ ಊರಿಗೂ ಒಂದೇ ಸಲಹೆ ಕೊಡುವವರ ಮಾತನ್ನು ದಯವಿಟ್ಟು ನಂಬಬೇಡಿ. ಬಿಸಿಲಿಗೂ ತುಂತುರಿಗೂ ಎರಡೂವರೆ ಮೀಟರ್ ಚಾಚಿನ ಆನಿಂಗ್ ಸಾಕು. ಅದಕ್ಕೆ 62 ಸೆಂಟಿಮೀಟರ್ ಇಳಿತ ಸಿಗುವಂತೆ ಎತ್ತರ ನೋಡಿಕೊಳ್ಳಿ. ಬ್ರಾಕೆಟ್ಟುಗಳನ್ನು ಇಟ್ಟಿಗೆಗೆ ಹೊಡೆಯದೆ ಕಾಂಕ್ರೀಟ್ ಬೀಮಿಗೆ ಕೆಮಿಕಲ್ ಆಂಕರಿನಿಂದ (ಕೊರೆದ ತೂತಿಗೆ ರಾಳದ ಅಂಟು ತುಂಬಿ ಹಿಡಿಸುವ ಬೋಲ್ಟು) ಕೂರಿಸಬೇಕು.

ಬಿಸಿಲೇ ಮುಖ್ಯವಾದರೆ ನೂಲಿಗೇ ಬಣ್ಣ ಬೆರೆಸಿ ತಯಾರಿಸಿದ ಅಕ್ರಿಲಿಕ್ ಬಟ್ಟೆ ಒಳ್ಳೆಯದು. ಬಣ್ಣ ಬೇಗ ಮಾಸುವುದಿಲ್ಲ, ಸೆಕೆಯೂ ಕೆಳಗೆ ನಿಲ್ಲುವುದಿಲ್ಲ. ಅದು ಹನಿ ಮಳೆಯನ್ನು ಜಾರಿಸುತ್ತದೆ, ಹೆಚ್ಚು ಹೊತ್ತು ನೆನೆದರೆ ಹೊಲಿಗೆಯ ತೂತುಗಳಲ್ಲಿ ತೊಟ್ಟಿಕ್ಕುತ್ತದೆ. ಸುತ್ತಿದ ಬಟ್ಟೆಯೂ ತೋಳುಗಳೂ ಪೆಟ್ಟಿಗೆಯೊಳಗೆ ಪೂರ್ತಿ ಅಡಗುವ ಫುಲ್ ಕ್ಯಾಸೆಟ್ ಮಾದರಿಗೆ ಹೆಚ್ಚು ಹಣ ಕೊಡುವುದು ಇಲ್ಲಿ ನ್ಯಾಯವೇ, ಏಕೆಂದರೆ ವರ್ಷದ ನಾಲ್ಕು ತಿಂಗಳು ಅದು ಮಡಚಿಯೇ ಇರಬೇಕು.

ಗಾಳಿಗೂ ಅದೇ ಮಾನದಂಡದಲ್ಲಿ ದರ್ಜೆಗಳಿವೆ: ಗಂಟೆಗೆ 28, 38 ಮತ್ತು 49 ಕಿಲೋಮೀಟರ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮುಂಚೆ ಏಳುವ ಬಿರುಗಾಳಿ ಇವನ್ನು ಮೀರಬಲ್ಲದು. ಆದುದರಿಂದ ಮುಂದಿನ ಅಂಚಿನ ಪಟ್ಟಿಗೆ ಅಂಟಿಸುವ ಅಲುಗಾಟದ ಸೆನ್ಸರ್ ಇರಲಿ. ಬಟ್ಟೆ ಕುಣಿಯತೊಡಗಿದ ಕೂಡಲೇ ಅದು ಆನಿಂಗನ್ನು ತಾನಾಗಿ ಒಳಕ್ಕೆ ಸುತ್ತುತ್ತದೆ. ಗಾಳಿ ಬಂದಾಗಲೇ ಕರೆಂಟ್ ಹೋಗುವುದು ನಮಗೆಲ್ಲ ಗೊತ್ತಿರುವ ಸಂಗತಿ, ಹಾಗಾಗಿ ಕೈಯಿಂದ ತಿರುಗಿಸುವ ಹಿಡಿಕೆ ಇಲ್ಲದ ಮೋಟಾರನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಮರುಪ್ರಶ್ನೆ (ಸಾಗರದ ಸದಸ್ಯರು):
ನಮ್ಮ ಆನಿಂಗ್ ಬಟ್ಟೆಯಲ್ಲಿ ಎರಡನೇ ಮಳೆಗಾಲಕ್ಕೇ ಕಪ್ಪು ಬೂಸ್ಟು ಹಿಡಿದಿದೆ. ಬಟ್ಟೆ ಕಳಪೆಯೇ?

ಉತ್ತರ:
ಇರಲಾರದು. ಅಕ್ರಿಲಿಕ್ ನೂಲನ್ನು ಬೂಸ್ಟು ತಿನ್ನುವುದಿಲ್ಲ. ಅದು ಬೆಳೆಯುವುದು ಬಟ್ಟೆಯ ಮೇಲೆ ಕೂತ ಧೂಳು, ಎಲೆಯ ಚೂರು, ಹಕ್ಕಿ ಹಿಕ್ಕೆಯ ಮೇಲೆ. ಒದ್ದೆಯಾಗಿಯೇ ಸುತ್ತಿಟ್ಟು ವಾರಗಟ್ಟಲೆ ಬಿಟ್ಟರೆ ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ. ಬಿಸಿಲು ಇಣುಕಿದ ದಿನ ಬಿಚ್ಚಿ ಒಣಗಿಸಿ ಎಂದು ಕಂಪನಿಗಳ ಪುಸ್ತಿಕೆಯಲ್ಲಿ ಬರೆದಿರುತ್ತದೆ, ಆದರೆ ಜುಲೈ ತಿಂಗಳಲ್ಲಿ ನಿಮ್ಮೂರಿಗೆ ಅಂಥ ದಿನವನ್ನು ನಾನು ಎಲ್ಲಿಂದ ತರಲಿ? ಮೇ ಕೊನೆಯಲ್ಲಿ ಮೆತ್ತನೆಯ ಬ್ರಷ್ಷು, ಸೌಮ್ಯ ಸೋಪು ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ ಸುತ್ತಿಡಿ. ಮತ್ತೆ ಬಿಚ್ಚುವುದು ಅಡಕೆ ಕೊಯ್ಲಿನ ಹೊತ್ತಿಗೆ ಆದರೂ ಚಿಂತೆಯಿಲ್ಲ. ಮರಗಳಿಂದ ಮಂಗಗಳು ಹಾರುವ ಮನೆಯಾದರೆ ಬಳಸದ ಹೊತ್ತಿನಲ್ಲೆಲ್ಲ ಮಡಚಿಡುವುದು ಇನ್ನೂ ಅಗತ್ಯ.

ಮೊದಲ ಪ್ರಶ್ನೆ ಕೇಳಿದವರಿಂದ:
ಜಿಪ್ ಪರದೆಯೇ ಸರಿ ಎನಿಸುತ್ತಿದೆ. ನಮ್ಮ ಕಂಬಗಳು ಮರದವು, ಒಂದಕ್ಕೊಂದು 2.5 ಮೀಟರ್ ದೂರದಲ್ಲಿವೆ. ತೊಂದರೆಯಿದೆಯೇ?

ಉತ್ತರ:
ಅಂತರ ಹಿತವಾಗಿದೆ, ಪ್ರತಿ ಎರಡು ಕಂಬಗಳ ನಡುವೆ ಒಂದೊಂದು ಪರದೆ ಹಾಕಿಸಿ. ಹಳೆಯ ಕಂಬಗಳು ನೆಟ್ಟಗಿರುವುದು ಅಪರೂಪ, ಕೊರಕಲುಗಳು ಒಂದಕ್ಕೊಂದು ಸಮಾನಾಂತರವಾಗಿರದಿದ್ದರೆ ಜಿಪ್ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ತೂಗುಗುಂಡು ಬಿಟ್ಟು ನೋಡಿ, ಸೊಟ್ಟಗಿದ್ದಲ್ಲಿ ಕಂಬಕ್ಕೂ ಕೊರಕಲಿಗೂ ನಡುವೆ ಮರದ ಪಟ್ಟಿ ಕೊಟ್ಟು ಸರಿಮಾಡಿಸಿ. ಮೇಲಿನ ಪೆಟ್ಟಿಗೆಯ ಭಾರ ಪಕಾಸಿನ ತುದಿಗೆ ಬೀಳದೆ ಕಂಬದ ಮೇಲಿನ ತೊಲೆಗೇ ಬೀಳಬೇಕು. ತಿರುಪುಗಳು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಅಳತೆಯನ್ನು ಈಗಲೇ ಕೊಟ್ಟುಬಿಡಿ, ಪರದೆ ರೋಹಿಣಿ ಮಳೆಗಿಂತ ಮುಂಚೆ ಬಂದು ಕೂರಬೇಕು.